ಶಾಂಪೂ ಬಾಟಲಿಯ ಹಿಂದೆ ಲಿನಲೂಲ್ ಅಂತಿದೆ, ಎಸೆಯಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಶಿವಮೊಗ್ಗದಲ್ಲಿ ಪ್ರೈಮರಿ ಶಾಲೆ ಟೀಚರ್. ಆರು ತಿಂಗಳಿಂದ ಬೆರಳುಗಳಲ್ಲಿ ತುರಿಕೆ. ಚರ್ಮ ಸುಲಿಯುತ್ತದೆ, ಗೆಣ್ಣುಗಳ ಹತ್ತಿರ ಬಿರುಕು ಬಿಟ್ಟು ಉರಿಯುತ್ತದೆ. ಮನೆಗೆಲಸಕ್ಕೆ ಬರುತ್ತಿದ್ದವರು ಬಿಟ್ಟ ಮೇಲೆ ಪಾತ್ರೆ, ಬಟ್ಟೆ ಎಲ್ಲ ನನ್ನ ಕೈಲೇ. ಎರಡು ತಿಂಗಳ ಹಿಂದೆ ಜರ್ಮನಿಯಲ್ಲಿರುವ ನಾದಿನಿ ಫೋನ್ ಮಾಡಿ, "ಅತ್ತಿಗೆ, ನಿಮ್ಮ ಶಾಂಪೂನಲ್ಲಿ ಲಿನಲೂಲ್ ಇದೆಯಾ ನೋಡಿ. ಇಲ್ಲಿ ಅದನ್ನ ಬ್ಯಾನ್ ಮಾಡಿದಾರೆ, ಮಕ್ಕಳಾಗೋದಕ್ಕೆ ತೊಂದರೆಯಂತೆ" ಎಂದಳು. ನೋಡಿದರೆ ಮನೆಯ ಏಳು ಬಾಟಲಿಗಳಲ್ಲಿ ಐದರ ಮೇಲೆ ಆ ಹೆಸರಿದೆ. ನಾಲ್ಕು ವರ್ಷದ ಮಗಳ ಲೋಷನ್ ಮೇಲೂ! ವಾಟ್ಸಾಪ್‌ನಲ್ಲಿ ಕ್ಯಾನ್ಸರ್ ಅಂತಲೂ ಬಂತು. ಐದನ್ನೂ ಎಸೆದೆ. ಬದಲಿಗೆ ಆನ್‌ಲೈನ್‌ನಲ್ಲಿ ನೈಸರ್ಗಿಕ ಲ್ಯಾವೆಂಡರ್ ಎಣ್ಣೆ ತರಿಸಿಕೊಂಡೆ. ರಾತ್ರಿ ಕಿವಿಯ ಹಿಂದೆ, ಕುತ್ತಿಗೆಗೆ ಎರಡು ಹನಿ ಹಚ್ಚಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಕೈ ವಾಸಿಯಾಗಿಲ್ಲ. ಸಾಲದ್ದಕ್ಕೆ ಮೂರು ವಾರದಿಂದ ಕುತ್ತಿಗೆಯೂ ಕೆಂಪಗಾಗಿ ತುರಿಸುತ್ತಿದೆ. ಎರಡನೇ ಮಗುವಿನ ಯೋಚನೆಯಲ್ಲಿದ್ದೇವೆ, ಅದಕ್ಕೇ ಭಯ. ಮಲ್ಲಿಗೆಯಲ್ಲೂ ಲಿನಲೂಲ್ ಇದೆ ಅಂತ ಓದಿದೆ. ಹೂ ಮುಡಿಯುವುದನ್ನೂ ಬಿಡಬೇಕಾ?

ಉತ್ತರ: ಮೊದಲು ಭಯದ ವಿಷಯ ಮುಗಿಸಿಬಿಡೋಣ. ಲಿನಲೂಲ್ ಅಂದರೆ ಪರಿಮಳ ಕೊಡುವ ಒಂದು ವಸ್ತು. ಯುರೋಪಿನಲ್ಲಿ ಅದು ಬ್ಯಾನ್ ಆಗಿಲ್ಲ. ಸಂತಾನಶಕ್ತಿಗೆ ಹಾನಿ ಮಾಡುವ ವಸ್ತುಗಳ ಪಟ್ಟಿಯಲ್ಲೂ ಅದು ಇಲ್ಲ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಇಲ್ಲ. ಹಾಗಂತ ನಿಮ್ಮ ನಾದಿನಿ ಸುಮ್ನೆ ಹೆದರಿಸಿದರು ಅಂತಲ್ಲ. ಅವರು ಕೇಳಿದ್ದು ನಿಜವಾದ ಸುದ್ದಿಯೇ. ಹೆಸರು ಮಾತ್ರ ಅದಲುಬದಲಾಗಿದೆ.

ಬ್ಯಾನ್ ಆಗಿದ್ದು ಲಿಲಿಯಾಲ್. ಬಿಳಿ ಹೂವಿನ ಘಮ ಕೊಡುವ, ಕಾರ್ಖಾನೆಯಲ್ಲಷ್ಟೇ ತಯಾರಾಗುವ ವಸ್ತು ಅದು. ಶಾಂಪೂ, ಡಿಯೋಡರೆಂಟ್, ಸೆಂಟು ಎಲ್ಲದರಲ್ಲೂ ಬಹಳ ವರ್ಷ ಬಳಕೆಯಲ್ಲಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿಗೆ ಹಾನಿ ಕಂಡದ್ದರಿಂದ ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು. ಫೋನಿನಲ್ಲಿ ಕೇಳಿದಾಗ ಲಿಲಿಯಾಲ್, ಲಿನಲೂಲ್ ಎರಡೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಇನ್ನೊಂದು ತಮಾಷೆ ಅಂದರೆ ರಾಸಾಯನಿಕಗಳ ಅಪಾಯ ತಿಳಿಸುವ ಯುರೋಪಿನ ವರ್ಗೀಕರಣದಲ್ಲಿ ಎರಡರ ಮುಂದೆಯೂ '1ಬಿ' ಎಂದೇ ಬರೆದಿರುತ್ತದೆ. ಲಿಲಿಯಾಲ್‌ನ 1ಬಿ ಸಂತಾನಶಕ್ತಿಯ ಕಾಲಂನಲ್ಲಿದೆ. ಲಿನಲೂಲ್‌ನ 1ಬಿ ಚರ್ಮದ ಅಲರ್ಜಿಯ ಕಾಲಂನಲ್ಲಿದೆ. ಅರ್ಧಂಬರ್ಧ ಓದಿದವರಿಗೆ ಗೊಂದಲವಾಗದೆ ಇನ್ನೇನು.

ಲೇಬಲ್ ಮೇಲೆ ಲಿಲಿಯಾಲ್ ಅಂತ ಬರೆದಿರುವುದಿಲ್ಲ. ಬ್ಯುಟೈಲ್‌ಫಿನೈಲ್ ಮಿಥೈಲ್‌ಪ್ರೊಪಿಯೊನಾಲ್ ಎಂದು ಉದ್ದಕ್ಕೆ ಇರುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆಯಿಂದ ಕೂತ ಸೆಂಟ್ ಬಾಟಲಿಯ ಮೇಲೆ ಆ ಹೆಸರು ಕಂಡರೆ ತೆಗೆದುಬಿಡಿ. ಮಗುವಿನ ಯೋಚನೆಯಲ್ಲಿರುವವರಿಗೆ ನಾನು ಹಾಗೇ ಹೇಳುವುದು. ಹಿಂದೆ ಬಳಸಿದ್ದೆನಲ್ಲಾ ಅಂತ ಕೊರಗುವುದು ಬೇಡ.

ಈಗ ಲಿನಲೂಲ್ ವಿಷಯಕ್ಕೆ ಬರೋಣ. ಒಂದು ಚಮಚ ಕೊತ್ತಂಬರಿ ಬೀಜ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಕುಟ್ಟಾಣಿಯಲ್ಲಿ ಒಂದೆರಡು ಸಲ ಜಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿ. ಸಾರಿನ ಪುಡಿಯ ನೆನಪು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಒಳಗೊಂದು ತೆಳುವಾದ ಘಮ ಸಿಗುತ್ತದೆ. ಸ್ವಲ್ಪ ಹೂವಿನ ಹಾಗೆ, ಸ್ವಲ್ಪ ನಿಂಬೆಯ ಹಾಗೆ. ಹೆಚ್ಚಾಗಿ ಅದೇ ಲಿನಲೂಲ್. ಕೊತ್ತಂಬರಿ ಬೀಜದಿಂದ ತೆಗೆದ ಸುಗಂಧ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ, ಎಷ್ಟೋ ಸಲ ಶೇ 60-70ರಷ್ಟು ಅದೇ ಇರುತ್ತದೆ. ಮಲ್ಲಿಗೆಯಲ್ಲಿದೆ, ಕಾಮಕಸ್ತೂರಿಯಲ್ಲಿದೆ, ಬೆಳಿಗ್ಗೆ ಕುಡಿಯುವ ಚಹಾದ ಘಮದಲ್ಲೂ ಇದೆ. ಸೋಪು, ಶಾಂಪೂಗಳಿಗೆ ಹೋಗುವುದು ಮಾತ್ರ ಬಹುಪಾಲು ಕಾರ್ಖಾನೆಯಲ್ಲಿ ತಯಾರಾದದ್ದು. ಅದನ್ನು ಮಾಡುವ ಒಂದು ದಾರಿ ಪೈನ್ ಮರದ ಟರ್ಪೆಂಟೈನ್‌ನಿಂದ ಶುರುವಾಗುತ್ತದೆ. ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಚರ್ಮಕ್ಕೆ ಅದು ಲಿನಲೂಲೇ. ಎಲ್ಲಿಂದ ಬಂದೆ ಅಂತ ಚರ್ಮ ಕೇಳುವುದಿಲ್ಲ.

ಹಾಗಾದರೆ ಬಾಟಲಿಯ ಮೇಲೆ ಅದರ ಹೆಸರು ಯಾಕೆ ಹಾಕುತ್ತಾರೆ? ಬಿಸ್ಕತ್ ಪ್ಯಾಕೆಟ್ ಮೇಲೆ 'ಕಡಲೆಕಾಯಿ ಇದೆ' ಅಂತ ಹಾಕುವುದಿಲ್ಲವೇ, ಹಾಗೆ. ಕಡಲೆಕಾಯಿ ವಿಷ ಅಂತ ಅದರ ಅರ್ಥವಲ್ಲ. ಆಗದವರು ನೋಡಿಕೊಳ್ಳಲಿ ಅಂತ. ಸುಗಂಧದಿಂದ ಚರ್ಮದ ಅಲರ್ಜಿ ಬಂದವರಿಗೆ ಯಾವುದು ತಪ್ಪಿಸಬೇಕೆಂದು ತಿಳಿಯಲಿ ಎಂದು ಯುರೋಪಿಯನ್ ಒಕ್ಕೂಟ 2005ರಿಂದ 26 ಸುಗಂಧ ವಸ್ತುಗಳ ಹೆಸರು ಬರೆಯುವುದನ್ನು ಕಡ್ಡಾಯ ಮಾಡಿತು. ಅದರಲ್ಲಿ ಲಿನಲೂಲ್ ಒಂದು. ಹಚ್ಚಿ ಹಾಗೇ ಬಿಡುವ ಲೋಷನ್‌ನಲ್ಲಿ ಶೇ 0.001ಕ್ಕಿಂತ ಹೆಚ್ಚಿದ್ದರೆ, ತೊಳೆದುಬಿಡುವ ಶಾಂಪೂವಿನಲ್ಲಿ ಶೇ 0.01ಕ್ಕಿಂತ ಹೆಚ್ಚಿದ್ದರೆ ಹೆಸರು ಹಾಕಲೇಬೇಕು. ಎಷ್ಟು ಸಣ್ಣ ಪ್ರಮಾಣ ನೋಡಿ. 2023ರಲ್ಲಿ ಆ ಪಟ್ಟಿ 80ಕ್ಕೂ ಮೀರಿ ಬೆಳೆಯಿತು. ಹೊಸ ಉತ್ಪನ್ನಗಳಿಗೆ 2026ರ ಜುಲೈ ಕೊನೆಯಿಂದ ಅನ್ವಯ. ಆಮೇಲೆ ಬಾಟಲಿಗಳ ಹಿಂದೆ ಇನ್ನೂ ಬಹಳ ಹೆಸರು ಕಾಣಿಸುತ್ತವೆ, ವಾಟ್ಸಾಪ್‌ಗೆ ಒಳ್ಳೆಯ ಸುಗ್ಗಿ.

ನಮ್ಮಲ್ಲಿ ಎಷ್ಟೋ ಬಾಟಲಿಗಳ ಮೇಲೆ ಬರೀ 'ಪರ್ಫ್ಯೂಮ್' ಅಥವಾ 'ಫ್ರೇಗ್ರೆನ್ಸ್' ಅಂತಿರುತ್ತದೆ. ಆ ಒಂದು ಪದದ ಒಳಗೆ ಹತ್ತಾರು ವಸ್ತುಗಳಿರಬಹುದು. ಆದ್ದರಿಂದ ನೀವು ಉಳಿಸಿಕೊಂಡ ಎರಡು ಬಾಟಲಿಗಳಲ್ಲಿ ಲಿನಲೂಲ್ ಇಲ್ಲ ಅಂತ ನಂಬಬೇಡಿ. ಹೆಸರು ಬರೆದವರನ್ನು ಎಸೆದು ಬರೆಯದವರನ್ನು ಇಟ್ಟುಕೊಂಡಿರಬಹುದು!

ಇಷ್ಟು ಹೇಳಿ ಲಿನಲೂಲ್‌ಗೆ ಪೂರ್ತಿ ಕ್ಲೀನ್ ಚಿಟ್ ಕೊಟ್ಟೆ ಅಂದುಕೊಳ್ಳಬೇಡಿ. ಅದಕ್ಕೊಂದು ಕೆಟ್ಟ ಗುಣವಿದೆ. ಅದು ಗಾಳಿಗೆ ಕೆಡುತ್ತದೆ.

ಮುಚ್ಚಳ ತೆಗೆದಿಟ್ಟ ಕಡಲೆಕಾಯಿ ಎಣ್ಣೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಹೊಡೆಯುತ್ತದಲ್ಲ, ಅದೇ ಕಥೆ. ಗಾಳಿಯ ಆಮ್ಲಜನಕ ಸೇರಿ ಹೈಡ್ರೋಪೆರಾಕ್ಸೈಡ್ ಎನ್ನುವ ಹೊಸ ವಸ್ತುಗಳು ಹುಟ್ಟುತ್ತವೆ. ತಾಜಾ ಲಿನಲೂಲ್ ಅಲರ್ಜಿ ತರುವುದರಲ್ಲಿ ಬಹಳ ದುರ್ಬಲ. ಈ ಹೈಡ್ರೋಪೆರಾಕ್ಸೈಡ್‌ಗಳು ಹಾಗಲ್ಲ, ಜೋರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವಿಜ್ಞಾನಿಗಳು ವರ್ಷಗಟ್ಟಲೆ ಇದರ ಬೆನ್ನು ಹತ್ತಿ ಕೆಲಸ ಮಾಡಿದ್ದಾರೆ. 2012ರಲ್ಲಿ ಪ್ರಕಟವಾದ, ಹಲವು ದೇಶಗಳ ಚರ್ಮರೋಗ ಕ್ಲಿನಿಕ್‌ಗಳು ಸೇರಿ ಮಾಡಿದ ಅಧ್ಯಯನದಲ್ಲಿ ಸುಮಾರು 2900 ಮಂದಿಗೆ ಹೀಗೆ ಗಾಳಿಗೆ ಕೆಟ್ಟ ಲಿನಲೂಲ್ ಹಚ್ಚಿ ಪರೀಕ್ಷಿಸಿದರು. ಶೇ 7ರಷ್ಟು ಜನಕ್ಕೆ ಅಲರ್ಜಿ ಕಂಡಿತು. ಈ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಅವರು ಬೀದಿಯಲ್ಲಿ ಸಿಕ್ಕ ಜನರಲ್ಲ. ಆಗಲೇ ಚರ್ಮದ ತೊಂದರೆಯಿಂದ ಕ್ಲಿನಿಕ್‌ಗೆ ಬಂದವರು. ನೂರು ಜನ ಶಾಂಪೂ ಹಾಕಿಕೊಂಡರೆ ಏಳು ಜನಕ್ಕೆ ಅಲರ್ಜಿ ಎಂದಲ್ಲ.

ಸುಗಂಧ ತಯಾರಕರಿಗೂ ಇದು ಗೊತ್ತು. ಅವರದೇ ಅಂತರರಾಷ್ಟ್ರೀಯ ಸಂಘದ ನಿಯಮದ ಪ್ರಕಾರ ಲಿನಲೂಲ್‌ನಲ್ಲಿ ಪೆರಾಕ್ಸೈಡ್ ಒಂದು ಮಿತಿಯೊಳಗಿರಬೇಕು. ಕೆಡದಂತೆ ವಿಟಮಿನ್ ಇ ಥರದ್ದೇನಾದರೂ ಬೆರೆಸಿ ಎಂದು ಸಲಹೆಯೂ ಇದೆ. ಒಳ್ಳೆ ಕಂಪನಿಯ ಹೊಸ ಲೋಷನ್‌ನಲ್ಲಿ ಅದು ಅಷ್ಟು ಬೇಗ ಕೆಡುವುದಿಲ್ಲ. ಕೆಡುವುದು ಬೇರೆ ಕಡೆ. ಮದುವೆಯಲ್ಲಿ ಬಂದು ಹತ್ತು ವರ್ಷದಿಂದ ಕೂತ ಸೆಂಟ್, ಬಿಸಿಲಿಗೆ ನಿಂತ ಕಾರಿನೊಳಗಿನ ಬಾಟಲಿ, ಬಚ್ಚಲಮನೆ ಕಿಟಕಿಯ ಮೇಲೆ ಅರ್ಧ ಖಾಲಿಯಾದ ಎಣ್ಣೆ.

ಈಗ ನಿಮ್ಮ ಕುತ್ತಿಗೆಗೆ ಬಂದೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಲಗಳಿವೆ. ಕೈಯ ತೊಂದರೆ ಆರು ತಿಂಗಳದ್ದು. ಕುತ್ತಿಗೆಯದ್ದು ಮೂರು ವಾರದ್ದು. ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. ನನಗೆ ಅವು ಎರಡು ಕಾಯಿಲೆ ಅನ್ನಿಸುತ್ತಿವೆ. ನೋಡದೆ ಖಚಿತವಾಗಿ ಹೇಳುವಂತಿಲ್ಲ, ಆದರೂ ಹೇಳುತ್ತೇನೆ.

ಲಿನಲೂಲ್‌ಗೆ ಹೆದರಿ ನೀವು ಲ್ಯಾವೆಂಡರ್ ಎಣ್ಣೆ ತರಿಸಿದಿರಿ. ಲ್ಯಾವೆಂಡರ್ ಎಣ್ಣೆಯಲ್ಲಿ ಕಾಲು ಭಾಗದಿಂದ ಅರ್ಧದ ಹತ್ತಿರದವರೆಗೆ ಲಿನಲೂಲೇ ಇರುತ್ತದೆ! ಲೆಕ್ಕ ಹಾಕಿ ನೋಡಿ. ಲೋಷನ್‌ನಲ್ಲಿ ಸುಗಂಧ ಶೇ 0.3 ಇದೆ, ಅದರ ಹತ್ತನೇ ಒಂದು ಭಾಗ ಲಿನಲೂಲ್ ಅಂದುಕೊಳ್ಳೋಣ. ಶೇ 0.03 ಆಯಿತು. ನೀವು ನೇರವಾಗಿ ಹಚ್ಚಿಕೊಳ್ಳುತ್ತಿರುವ ಎಣ್ಣೆಯಲ್ಲಿ ಶೇ 30 ಅಂತಿಟ್ಟುಕೊಳ್ಳಿ. ಅಂದರೆ ಸಾವಿರ ಪಟ್ಟು. ಜೊತೆಗೆ ದಿನಾ ರಾತ್ರಿ ಮುಚ್ಚಳ ತೆಗೆದು ಹಾಕುತ್ತೀರಿ, ಒಳಗಿನ ಎಣ್ಣೆ ಕಡಿಮೆಯಾದಷ್ಟೂ ಗಾಳಿ ಜಾಸ್ತಿ. ನೈಸರ್ಗಿಕ ಎಣ್ಣೆಗೆ ಕೆಡದಂತೆ ತನ್ನೊಳಗೇ ರಕ್ಷಣೆ ಇರುತ್ತದೆ ಅಂತ ಕೆಲವರು ಹೇಳುವುದುಂಟು. ಗೋಥೆನ್‌ಬರ್ಗ್‌ನವರು ಲ್ಯಾವೆಂಡರ್ ಎಣ್ಣೆಯನ್ನೇ ಗಾಳಿಗಿಟ್ಟು 2008ರಲ್ಲಿ ಅದನ್ನೂ ನೋಡಿದರು. ಅಂಥ ರಕ್ಷಣೆ ಕಾಣಲಿಲ್ಲ. ಬರೀ ಲಿನಲೂಲ್ ಕೆಟ್ಟ ಹಾಗೇ ಅದೂ ಕೆಟ್ಟಿತು.

ಹಚ್ಚಿದ ಕೂಡಲೇ ಉರಿಯಲಿಲ್ಲವಲ್ಲ ಅಂತ ನೀವು ಕೇಳಬಹುದು. ಈ ಅಲರ್ಜಿ ನಿಧಾನಿ. ಮೊದಲು ಕೆಲವು ವಾರ, ಕೆಲವರಿಗೆ ಕೆಲವು ವರ್ಷ, ಮೈ ಸುಮ್ಮನೆ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತು ಹತ್ತಿದ ಮೇಲೆ ಮತ್ತೆ ಸೋಕಿದಾಗ ಒಂದು, ಎರಡು, ಮೂರು ದಿನ ಬಿಟ್ಟು ತುರಿಕೆ ಏಳುತ್ತದೆ. ಶನಿವಾರ ಹಚ್ಚಿದ್ದಕ್ಕೆ ಸೋಮವಾರ ಕೆರೆತ. ಹಾಗಾಗಿಯೇ ಜನ ನಿಜವಾದ ಕಾರಣ ಬಿಟ್ಟು ಭಾನುವಾರ ತಿಂದ ಬದನೆಕಾಯಿಯನ್ನು ಬೈಯುತ್ತಾರೆ.

ನಾನು ಸುಗಂಧದ ಅನುಮಾನ ಇರುವವರಿಗೆಲ್ಲ, "ಮೈಗೆ ಹಚ್ಚುವುದೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ" ಅನ್ನುತ್ತೇನೆ. ಒಮ್ಮೆ ಒಬ್ಬರು ಹಾಗೇ ಚೀಲ ತಂದು ಮೇಜಿನ ಮೇಲೆ ಸುರಿದರು. ಹನ್ನೊಂದು ಬಾಟಲಿ. ಕಣ್ಣಿನ ರೆಪ್ಪೆ ಊದಿಕೊಂಡಿತ್ತು, ಎಲ್ಲ ಕ್ರೀಮೂ ಬಿಟ್ಟಿದ್ದರು, ಆದರೂ ಊತ ಇಳಿದಿರಲಿಲ್ಲ. ಚೀಲದ ತಳದಲ್ಲಿ ಒಂದು ಪುಟ್ಟ ಕಂದು ಬಾಟಲಿ ಉಳಿದಿತ್ತು. ಮುಚ್ಚಳದ ಸುತ್ತ ಎಣ್ಣೆ ಅಂಟಾಗಿ, ಧೂಳು ಹಿಡಿದು ಗಟ್ಟಿಯಾಗಿತ್ತು. ಮೂಸಿದೆ. ಲ್ಯಾವೆಂಡರ್‌ಗಿಂತ ಪೇಂಟ್ ಅಂಗಡಿಯ ವಾಸನೆಯೇ ಜಾಸ್ತಿ. "ಇದನ್ನ ಹಚ್ಚೋದಿಲ್ಲ ಡಾಕ್ಟ್ರೇ, ದಿಂಬಿಗೆ ಎರಡು ಹನಿ ಹಾಕ್ತೀನಿ ಅಷ್ಟೇ" ಎಂದರು. ರಾತ್ರಿಯಿಡೀ ರೆಪ್ಪೆ ಒರಗುತ್ತಿದ್ದುದು ಆ ದಿಂಬಿಗೇ.

ನಿಮ್ಮ ಬಾಟಲಿಯನ್ನು ಇವತ್ತೇ ನಿಲ್ಲಿಸಿ. ಎಸೆಯಬೇಡಿ, ಮುಚ್ಚಿ ಎತ್ತಿಡಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ದಿಂಬಿನ ಕವರ್, ದುಪ್ಪಟ್ಟಾ ಒಗೆಯಿರಿ. ಕುತ್ತಿಗೆಯದ್ದು ಅದರಿಂದಲೇ ಆಗಿದ್ದರೆ ಎರಡು ಮೂರು ವಾರದಲ್ಲಿ ಇಳಿಯುವುದು ಕಾಣುತ್ತದೆ. ನಿದ್ದೆಗೆ ಬೇರೆ ದಾರಿ ನೋಡೋಣ.

ಕೈಯ ಕಥೆ ಇನ್ನೂ ಸರಳ ಅನ್ನಿಸುತ್ತದೆ. ಕೆಲಸದವರು ಬಿಟ್ಟರು, ಪಾತ್ರೆ ಸೋಪು ನಿಮ್ಮ ಕೈಗೆ ಬಂತು, ಆವಾಗಿನಿಂದ ಬಿರುಕು. ನನ್ನ ಹತ್ತಿರ ಬರುವ ಕೈ ಎಸ್ಜಿಮಾಗಳಲ್ಲಿ (ಚರ್ಮ ಕೆಂಪಾಗಿ, ತುರಿಸಿ, ಬಿರಿಯುವ ತೊಂದರೆ) ಹೆಚ್ಚಿನವು ಅಲರ್ಜಿಯೇ ಅಲ್ಲ. ಸೋಪು, ನೀರು, ಸ್ಕ್ರಬ್ಬರ್ ಸೇರಿ ಚರ್ಮದ ಜಿಡ್ಡನ್ನು ದಿನಾ ತೆಗೆದು ತೆಗೆದು ಗೋಡೆಯ ಸುಣ್ಣ ಉದುರಿದ ಹಾಗೆ ಮಾಡಿರುತ್ತವೆ. ನಿಮಗೆ ಅದರ ಮೇಲೆ ಚಾಕ್‌ಪೀಸ್ ಧೂಳು ಬೇರೆ, ಅದೂ ಕೈ ಒಣಗಿಸುತ್ತದೆ. ಇಲ್ಲಿ ಲಿನಲೂಲ್ ಇಲ್ಲದ ಪಾತ್ರೆ ಸೋಪು ತಂದರೂ ಕೈ ವಾಸಿಯಾಗುವುದಿಲ್ಲ. ಸೋಪಿನ ಸುಗಂಧಕ್ಕಿಂತ ಸೋಪೇ ಜಾಸ್ತಿ ತೊಂದರೆ ಕೊಡುವುದು.

ಒಂದು ಸಲ ಕೈಗಳನ್ನು ಬೆಳಕಿನಲ್ಲಿ ಚೆನ್ನಾಗಿ ನೋಡಿಕೊಳ್ಳಿ. ಉಂಗುರದ ಕೆಳಗೆ ಜಾಸ್ತಿ ಇದ್ದರೆ ಅಲ್ಲಿ ಸೋಪು ನಿಂತು ಕಚ್ಚುತ್ತಿದೆ ಅಂತ. ಕೆಲಸದ ಹೊತ್ತಿಗೆ ಉಂಗುರ ತೆಗೆದಿಡಿ. ಬಲಗೈಯಲ್ಲಿ ಚಾಕು ಹಿಡಿಯುವವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಗಳಲ್ಲೇ ಸೀಳಿದ್ದರೆ ನಾನು ಮೊದಲು ಅನುಮಾನ ಪಡುವುದು ಬೆಳ್ಳುಳ್ಳಿಯನ್ನು. ಸಿಪ್ಪೆ ಸುಲಿಯುವಾಗ, ಹೆಚ್ಚುವಾಗ ಎಸಳು ಹಿಡಿಯುವುದು ಆ ಮೂರು ಬೆರಳೇ. ಇವೆರಡೂ ಅಲ್ಲದೆ ಬೆರಳ ಸಂದು, ಗೆಣ್ಣು, ಅಂಗೈ ಬೆನ್ನು ಎಲ್ಲ ಕಡೆ ಇದ್ದರೆ ಸೋಪು-ನೀರೇ ಸರಿ.

ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಆದರೆ ಒಳಗೆ ತೆಳು ಹತ್ತಿ ಗ್ಲೌಸ್ ಇರಲಿ. ಬರೀ ರಬ್ಬರ್ ಒಳಗೆ ಕೈ ಬೆವೆತು ಇನ್ನೂ ಕೆಡುತ್ತದೆ. ಕೆಲಸ ಮುಗಿದ ಕೂಡಲೇ ಕೈ ಒರೆಸಿ, ಪರಿಮಳ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕೊಬ್ಬರಿ ಎಣ್ಣೆಯೂ ಆದೀತು, ಅದಕ್ಕೆ ಮಲ್ಲಿಗೆ ಪರಿಮಳ ಸೇರಿಸಿದ್ದು ಬೇಡ. ದಿನಕ್ಕೆ ಎರಡು ಸಲ ಅಲ್ಲ, ಕೈ ಒದ್ದೆಯಾದಾಗಲೆಲ್ಲ ಹಚ್ಚಬೇಕು. ಚರ್ಮ ಪೂರ್ತಿ ಗಟ್ಟಿಯಾಗಲು ತಿಂಗಳುಗಳು ಬೇಕು. ತುರಿಕೆ ನಿಂತಿತಲ್ಲ ಅಂತ ಹದಿನೈದು ದಿನಕ್ಕೆ ಬಿಟ್ಟವರೇ ಮತ್ತೆ ಬರುತ್ತಾರೆ.

ಉರಿ ಜಾಸ್ತಿ ಇದ್ದರೆ ಕೆಲವು ದಿನ ಸ್ಟೀರಾಯ್ಡ್ ಮುಲಾಮು ಬೇಕಾಗಬಹುದು. ಅದು ಡಾಕ್ಟರ್ ನೋಡಿ, ಎಷ್ಟು ದಿನ ಅಂತ ಹೇಳಿ ಕೊಡಬೇಕಾದದ್ದು. ಮೆಡಿಕಲ್ ಶಾಪ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದರೆ ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಕಲಸಿದ್ದು ಕೈಗೆ ಬರುತ್ತದೆ. ಎರಡು ದಿನದಲ್ಲಿ ಆರಾಮ ಅನ್ನಿಸುತ್ತದೆ. ಕುತ್ತಿಗೆಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸಲು ಶುರುವಾಗುತ್ತದೆ. ಲಿನಲೂಲ್‌ಗಿಂತ ನನಗೆ ಆ ಟ್ಯೂಬಿನ ಭಯ ಹೆಚ್ಚು.

ಅಲರ್ಜಿ ಇದೆಯೋ ಇಲ್ಲವೋ ಖಚಿತವಾಗಲು ಇರುವುದು ಪ್ಯಾಚ್ ಟೆಸ್ಟ್. ಬೆನ್ನಿಗೆ ಪುಟ್ಟ ಪುಟ್ಟ ಬಟ್ಟಲಿನಂಥವುಗಳಲ್ಲಿ ವಸ್ತುಗಳನ್ನಿಟ್ಟು ಟೇಪ್ ಹಾಕುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ನಾಲ್ಕನೇ ದಿನ ಇನ್ನೊಮ್ಮೆ. ಅಷ್ಟೂ ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ಆದ್ದರಿಂದ ಏಪ್ರಿಲ್ ಬಿಸಿಲಿನಲ್ಲಿ ಬೇಡ. ರಕ್ತ ಕೊಟ್ಟು ಮಾಡಿಸುವ ದುಬಾರಿ 'ಅಲರ್ಜಿ ಪ್ಯಾನೆಲ್' ಈ ಬಗೆಯ ಅಲರ್ಜಿಯನ್ನು ತೋರಿಸುವುದಿಲ್ಲ, ದುಡ್ಡು ಹಾಕಬೇಡಿ. ಇನ್ನೊಂದು ವಿಷಯ ಕೇಳಿ ತಿಳಿದುಕೊಂಡು ಹೋಗಿ. ಮಾಮೂಲಿ ಪ್ಯಾಚ್ ಟೆಸ್ಟ್‌ನಲ್ಲಿ ಇರುವ 'ಫ್ರೇಗ್ರೆನ್ಸ್ ಮಿಕ್ಸ್' ಎಂಟು ಸುಗಂಧಗಳ ಮಿಶ್ರಣ. ಅದರಲ್ಲಿ ಲಿನಲೂಲ್ ಇಲ್ಲ. ಅದು ನೆಗೆಟಿವ್ ಬಂದರೆ ಲಿನಲೂಲ್ ನಿರ್ದೋಷಿ ಅಂತಾಗುವುದಿಲ್ಲ. ಲಿನಲೂಲ್ ಹೈಡ್ರೋಪೆರಾಕ್ಸೈಡ್ ಬೇರೆಯಾಗಿಯೇ ಇಡಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಇಟ್ಟರೂ ಬರೀ ಉರಿಯಿಂದ ಕೆಂಪಾದದ್ದೋ ಅಲರ್ಜಿಯೋ ಹೇಳಲು ಅನುಭವ ಬೇಕು. ಬಹಳ ಅಪರೂಪಕ್ಕೆ ಟೆಸ್ಟಿನಿಂದಲೇ ಹೊಸ ಅಲರ್ಜಿ ಶುರುವಾಗುವುದೂ ಉಂಟು. ಬಸುರಿಯರಿಗೆ ಮುನ್ನೆಚ್ಚರಿಕೆಯಾಗಿ ಈ ಟೆಸ್ಟ್ ಮುಂದೂಡುತ್ತೇವೆ. ಹಾಗಾಗಿ ಮಾಡಿಸುವುದಿದ್ದರೆ ಈಗಲೇ ಮಾಡಿಸಿಕೊಳ್ಳಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆಯೂ ಇದೆ. ಕುತ್ತಿಗೆ ಪೂರ್ತಿ ವಾಸಿಯಾದ ಮೇಲೆ, ಹೊಸ ಲೋಷನ್ ತಂದಾಗ ಮೊಣಕೈಯ ಒಳಮಡಿಕೆಯಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗಕ್ಕೆ ದಿನಕ್ಕೆರಡು ಸಲ ಹಚ್ಚಿ. ಒಂದರಿಂದ ಎರಡು ವಾರ. ಏನೂ ಆಗದಿದ್ದರೆ ಬಳಸಿ. ಲೋಷನ್, ಕ್ರೀಮ್‌ಗೆ ಮಾತ್ರ ಇದು. ಶಾಂಪೂ, ಪಾತ್ರೆ ಸೋಪು, ಫಿನಾಯಿಲ್ ಹೀಗೆ ಹಚ್ಚಿ ನೋಡಬೇಡಿ. ಯಾರ ಕೈಗಾದರೂ ಉರಿಯುತ್ತದೆ, ಏನೂ ತಿಳಿಯುವುದಿಲ್ಲ. ಲ್ಯಾವೆಂಡರ್ ಎಣ್ಣೆಯನ್ನಂತೂ ಹಚ್ಚಲೇಬೇಡಿ.

ಅಂಗಡಿಯಲ್ಲಿ 'ಫ್ರೇಗ್ರೆನ್ಸ್ ಫ್ರೀ' ಅಂತ ಬರೆದದ್ದು ಹುಡುಕಿ. 'ಅನ್‌ಸೆಂಟೆಡ್' ಬೇರೆ. ಮೂಲ ವಾಸನೆ ಅಡಗಿಸಲು ಅದಕ್ಕೂ ಸ್ವಲ್ಪ ಸುಗಂಧ ಹಾಕಿರಬಹುದು. 'ಹೈಪೋಅಲರ್ಜೆನಿಕ್' ಎನ್ನುವುದಕ್ಕೆ ಗಟ್ಟಿ ಅರ್ಥವಿಲ್ಲ. 'ಕೆಮಿಕಲ್ ಫ್ರೀ' ಬಗ್ಗೆ ನಾನು ಏನೂ ಹೇಳುವುದಿಲ್ಲ, ನೀರೂ ಕೆಮಿಕಲ್ಲೇ.

ಮಗಳಿಗೆ ಇಷ್ಟು ದಿನ ಹಚ್ಚಿದ ಲೋಷನ್‌ನಿಂದ ಏನೂ ಆಗಿಲ್ಲ ಅಂದರೆ ಏನೂ ಆಗಿಲ್ಲ ಅಷ್ಟೇ. ಆದರೂ ಚಿಕ್ಕ ಮಕ್ಕಳಿಗೆ, ಅದರಲ್ಲೂ ಒಣ ಚರ್ಮ, ಎಸ್ಜಿಮಾ ಇರುವವರಿಗೆ, ಪರಿಮಳ ಇಲ್ಲದ್ದನ್ನೇ ನಾನು ಬರೆದುಕೊಡುವುದು. ಮಗುವಿಗೆ ಆ ಘಮ ಬೇಕಿಲ್ಲ, ಅದು ನಮಗೆ ಬೇಕಾಗಿರುವುದು. ಅಡುಗೆಗೆ ಕೊತ್ತಂಬರಿ ಬೀಜ ಧಾರಾಳವಾಗಿ ಹಾಕಿ. ಚರ್ಮಕ್ಕೆ ಹಚ್ಚುವುದು ಬೇರೆ, ತಿನ್ನುವುದು ಬೇರೆ.

ಇನ್ನು ಮಲ್ಲಿಗೆ. ಸಂಜೆ ಬಿರಿಯುವ ಮೊಗ್ಗಿನಲ್ಲಿರುವುದು ತಾಜಾ ಲಿನಲೂಲ್, ಅದೂ ಕೊಂಚ. ಕೆಟ್ಟು ಹೈಡ್ರೋಪೆರಾಕ್ಸೈಡ್ ಆಗುವಷ್ಟು ದಿನ ಆ ಹೂವೇ ಉಳಿಯುವುದಿಲ್ಲ. ಮುಡಿಯಿರಿ. ಕುತ್ತಿಗೆ ವಾಸಿಯಾಗುವವರೆಗೆ ಮಾತ್ರ ದಂಡೆ ಕತ್ತಿನ ಮೇಲೆ ಇಳಿಬಿಡದೆ ಜಡೆಯ ಮೇಲ್ಭಾಗಕ್ಕೆ ಸಿಕ್ಕಿಸಿಕೊಳ್ಳಿ. ಪ್ಯಾಚ್ ಟೆಸ್ಟ್‌ನಲ್ಲಿ ಲಿನಲೂಲ್ ಪಾಸಿಟಿವ್ ಬಂದರೆ ಬರೆಯಿರಿ, ಆಗ ಹೂವಿನ ಬಗ್ಗೆ ಮತ್ತೆ ಮಾತಾಡೋಣ.